ಅಡುಗೆಮನೆಯ ಗೆರೆ

ಫರೀದಾಬಾದ್‌ನ ಒಂದು ಕಾರ್ಖಾನೆಯ ಮೋಟಾರುಗಳು ಎಷ್ಟು ಬಿಸಿಯಾಗಿವೆ ಎಂದು ತಿಳಿಸುವ ಸೆನ್ಸರ್‌ಗಳಿಗೆ ಸರ್ವರ್ ಸಿದ್ಧಮಾಡಿದ್ದು ನಾನೂ ನನ್ನ ಹೆಂಡತಿಯೂ. ಸೆನ್ಸರ್ ಎಂದರೆ ಅಂಗೈಯಲ್ಲಿ ಹಿಡಿಸುವ ಡಬ್ಬಿ, ಒಳಗೊಂದು ಬ್ಯಾಟರಿ. ಕಿಲೋಮೀಟರುಗಟ್ಟಲೆ ದೂರದ ಆಂಟೆನಾಕ್ಕೂ ಸುದ್ದಿ ಮುಟ್ಟಿಸುತ್ತದೆ, ವರ್ಷಗಟ್ಟಲೆ ಸಾಯುವುದಿಲ್ಲ. ಯಾವ ಡಬ್ಬಿಯನ್ನೂ ಮನೆಯಲ್ಲಿ ಒಂದು ವಾರ ಇಟ್ಟು ನೋಡದೆ ಅವಳು ಕಾರ್ಖಾನೆಗೆ ಕಳಿಸುತ್ತಿರಲಿಲ್ಲ. ಹಾಗೆ ಬಂದ ಮೊದಲನೆಯದು ದೆಹಲಿಯ ಮುನಿರ್ಕಾದ ನಮ್ಮ ಬಾಡಿಗೆ ಮನೆಯಲ್ಲಿ, ಒಲೆಯ ಮೇಲಿನ ಗೂಡಿನಲ್ಲೇ ಉಳಿದುಬಿಟ್ಟಿತು.

ಬೆಳಿಗ್ಗೆ ಆರಕ್ಕೆ ಅವಳು ಕಾಫಿಗೆ ನೀರಿಡುತ್ತಿದ್ದಳು. ನನ್ನ ಫೋನಿನಲ್ಲಿ, ಡಬ್ಬಿ ಅಳೆದ ಬಿಸಿಯ ಗೆರೆ ಏರುತ್ತಿತ್ತು. ಅದನ್ನು ನೋಡಿ ಹಾಸಿಗೆಯಿಂದ ಏಳುವವನು ನಾನು. ಸೋಮಾರಿತನಕ್ಕೆ ಇಷ್ಟೊಂದು ಯಂತ್ರ ಬೇಕಾ ಎಂದು ರೇಗಿಸುತ್ತಿದ್ದಳು.

ಹೋದ ಚಳಿಗಾಲದಲ್ಲಿ ಅವಳು ತೀರಿಕೊಂಡಳು. ಜ್ವರವೆಂದು ಆಸ್ಪತ್ರೆ ಸೇರಿದವಳು ಐದನೇ ದಿನ ಇಲ್ಲ. ಆಮೇಲೆ ನಾನು ಒಲೆ ಹಚ್ಚಲಿಲ್ಲ. ಗಲ್ಲಿಯ ಭಯ್ಯಾನ ಚಹಾವೇ ಸಾಕಾಯಿತು. ಆದರೆ ದಿನಾ ಹಳೆಯ ಗೆರೆಗಳನ್ನು ತೆರೆದು ನೋಡುತ್ತಿದ್ದೆ. ಒಂದು ಭಾನುವಾರ ಎಂಟರವರೆಗೂ ಏರದ ಗೆರೆ: ಹಿಂದಿನ ದಿನ ಜಗಳವಾಡಿದ್ದೆವು. ಯುಗಾದಿಯಂದು ಮಧ್ಯಾಹ್ನವಾದರೂ ಇಳಿಯದ ಗೆರೆ: ಹೋಳಿಗೆ. ಫೋಟೋಗಳಿಗಿಂತ ಇವುಗಳಲ್ಲೇ ಅವಳು ಹೆಚ್ಚು ಇದ್ದಳು.

ಈ ಜನವರಿಯಲ್ಲಿ ಎಲ್ಲವನ್ನೂ ಹೊಸ ಸರ್ವರ್‌ಗೆ ಸಾಗಿಸಬೇಕಾಯಿತು. ಕಾರ್ಖಾನೆಯವರು ಅವಸರ ಮಾಡುತ್ತಿದ್ದರು, ನಾನೋ ಹುಟ್ಟು ಆತುರಗಾರ. ಕಾರ್ಖಾನೆಯ ಪಟ್ಟಿಯನ್ನು ನಕಲು ಮಾಡಿದೆ, ಅವೆಲ್ಲ ಬಂದವೆಂದು ನೋಡಿಕೊಂಡೆ, ಹಳೆಯ ಸರ್ವರ್‌ನಲ್ಲಿದ್ದದ್ದನ್ನೆಲ್ಲ ಅಳಿಸಿದೆ. ಅಡುಗೆಮನೆಯ ಡಬ್ಬಿಯೂ ಅದರ ಗೆರೆಗಳೂ ಇದ್ದದ್ದು 'ಪರೀಕ್ಷೆ' ಎಂಬ ಬೇರೆ ಪಟ್ಟಿಯಲ್ಲಿ. ಅದು ನೆನಪಾದದ್ದು ಮರುದಿನ.

"ರೀ, ಆತುರಗಾರನಿಗೆ ಬುದ್ಧಿ ಮಟ್ಟ. ಮೊದಲು ಬ್ಯಾಕಪ್ ತಗೊಳ್ಳಿ, ಆಮೇಲೆ ಕೈ ಹಾಕಿ" ಎಂದು ಪ್ರತಿ ಸಲವೂ ಬೆನ್ನ ಹಿಂದೆ ನಿಂತು ಹೇಳುತ್ತಿದ್ದವಳು ಅವಳು. ಹೇಳುವವಳಿಲ್ಲದ ಒಂದೇ ಸಲಕ್ಕೆ ನಾನು ಅವಳನ್ನೇ ಅಳಿಸಿಬಿಟ್ಟಿದ್ದೆ. ನೆಲದ ಮೇಲೆ ಕುಳಿತು ಅತ್ತೆ.

ಡಬ್ಬಿ ಮಾತ್ರ ಇನ್ನೂ ಸುದ್ದಿ ಕಳಿಸುತ್ತಿತ್ತು. ತಾರಸಿಯ ಆಂಟೆನಾ ಕೇಳಿಸಿಕೊಳ್ಳುತ್ತಿತ್ತು, ಹೊಸ ಸರ್ವರ್ ಇದ್ಯಾರೋ ಗೊತ್ತಿಲ್ಲವೆಂದು ಎಸೆಯುತ್ತಿತ್ತು. ಡಬ್ಬಿಯ ಬೆನ್ನಿಗೆ ಅವಳು ಅಂಟಿಸಿದ್ದ ಚೀಟಿಯಲ್ಲಿ ಅದರ ಗುಪ್ತಸಂಖ್ಯೆಯಿತ್ತು. ಅವಳ ಅಕ್ಷರಗಳನ್ನು ಒಂದೊಂದಾಗಿ ಓದಿ ಹೊಸ ಸರ್ವರ್‌ಗೆ ಸೇರಿಸಿದೆ. ಹತ್ತು ನಿಮಿಷಕ್ಕೆ ಮೊದಲ ಅಂಕಿ ಬಂತು: ಒಂಬತ್ತು ಡಿಗ್ರಿ.

ಮರುದಿನ ಬೆಳಿಗ್ಗೆ ಆರಕ್ಕೆ ಎದ್ದು, ಒಲೆ ಹಚ್ಚಿ, ಕಾಫಿಗೆ ನೀರಿಟ್ಟೆ. ಗೆರೆ ಏರಿತು. ಅದನ್ನು ನೋಡಿ ಏಳಬೇಕಾದವರು ಮನೆಯಲ್ಲಿ ಯಾರೂ ಇರಲಿಲ್ಲ.