ಬೀದಿಯ ಕೆಳಗಿದ್ದ ಬಾವಿ

ಮಾತಾಡುವಾಗ ಕಾಕುವಿನ ಕೊರಳ ನರಗಳು ಹಗ್ಗದಂತೆ ಉಬ್ಬುತ್ತಿದ್ದವು. ಮಹಾರಾಷ್ಟ್ರದ ಗಡಿಯ ಇಚಲಕರಂಜಿಯ ನಮ್ಮ ಗಲ್ಲಿಯ ಎರಡೂ ಬದಿಗೆ ಪವರ್‌ಲೂಮುಗಳು ಖಟಖಟಿಸುತ್ತಿದ್ದುದರಿಂದ ಎಲ್ಲರ ದನಿಯೂ ದೊಡ್ಡದೇ. ಆದರೆ ಇವರು ಬಸದಿಯಲ್ಲೂ ಹಾಗೇ ಮಾತಾಡುತ್ತಿದ್ದರು.

ಎಪ್ಪತ್ತರ ದಶಕದ ಕೊನೆಗೆ ನಾನು ಸುಳಕೂಡದಿಂದ ಮದುವೆಯಾಗಿ ಬಂದಾಗ ಪಕ್ಕದ ಮನೆ ಅವರದು; ಗಲ್ಲಿಗೆಲ್ಲ ಅವರು ಕಾಕು, ಅಂದರೆ ಚಿಕ್ಕಮ್ಮ. ಹೊತ್ತು ಮುಳುಗುವ ಮೊದಲೇ ಉಂಡು ಮುಗಿಸುವ ಜೈನ ಮನೆತನ. ನಾನು ಒಲೆ ಹೊತ್ತಿಸಿದ ಕೂಡಲೇ ಗೋಡೆಯಾಚೆಯಿಂದ, "ಏನ್ ಮಾಡಾಕತ್ತೀಯವ್ವಾ? ಉಪ್ಪು ಹಾಕೀಯೋ ಮರತೀಯೋ?" ಎಂಬ ವಿಚಾರಣೆ. ಮೊದಮೊದಲು ನನಗೆ ಭಾಳ ಸಿಟ್ಟು ಬರುತ್ತಿತ್ತು.

ನಾನು ಬಸುರಿಯಾಗಿದ್ದಾಗ ಒಂದು ಮುಂಜಾನೆ ಬೀದಿಯ ನಳದಿಂದ ನೀರು ತರುತ್ತಿದ್ದೆ. ಕಾಲ ಕೆಳಗಿನ ಬೀದಿ ಒಮ್ಮೆಲೇ ಕುಸಿಯಿತು. ಎದೆಮಟ್ಟ ಇಳಿದುಹೋದೆ. ಮೊಣಕೈಗಳು ಅಂಚಿಗೆ ಸಿಕ್ಕಿಕೊಂಡವು, ಕಾಲಿಗೆ ಏನೂ ತಾಗಲಿಲ್ಲ. ಕೊಡ ಎಲ್ಲೋ ಆಳದಲ್ಲಿ ನೀರಿಗೆ ಬಿದ್ದ ಸದ್ದು ಕೇಳಿಸಿತು. ಜನ ಓಡಿ ಬಂದರು. ಅವರ ಭಾರಕ್ಕೆ ಅಂಚು ಇನ್ನಷ್ಟು ಉದುರಿತು.

"ಮಾಗೇ ಸರಕಾ! ಹಿಂದ ಸರೀರಿ ಎಲ್ಲಾರೂ!" ಲೂಮಿನ ಸದ್ದನ್ನೂ ಮೀರಿ ಕಾಕು ಕೂಗಿದರು. ಗೋಡೆಗೆ ನಿಲ್ಲಿಸಿದ್ದ ಏಣಿಯನ್ನು ನೆಲಕ್ಕೆ ಹಾಕಿಸಿ, ಅದರ ಮೇಲೆ ಬೋರಲು ಮಲಗಿ ನನ್ನ ರಟ್ಟೆ ಹಿಡಿದರು.

"ಕೆಳಗ ನೋಡಬ್ಯಾಡ. ನನ್ನ ಮಾರಿ ನೋಡು."

ಗಂಡಸರು ಏಣಿಯನ್ನು ಅವರ ಸಮೇತ ಹಿಂದಕ್ಕೆಳೆದರು. ನಾನು ಹೊರಗೆ ಬಂದೆ.

ಆಮೇಲೆ ಅಗೆದು ನೋಡಿದರೆ ಕೆಳಗೊಂದು ಹಳೆಯ ಬಾವಿ. ಗಲ್ಲಿಗೆ ನಳ ಬಂದ ಕಾಲಕ್ಕೆ ಯಾರೋ ಮರದ ದಿಮ್ಮಿ, ಇಟ್ಟಿಗೆಚೂರು, ಕಸ ತುಂಬಿ ಅದನ್ನು ಮುಚ್ಚಿದ್ದರು. ದಿಮ್ಮಿಗಳು ಕೊಳೆತಿದ್ದವು. ಒಡೆದ ಕೊಳವೆಯ ನೀರು ಮಣ್ಣನ್ನು ಸ್ವಲ್ಪಸ್ವಲ್ಪವೇ ಒಳಕ್ಕೆ ಸೆಳೆದಿತ್ತು. ಮೇಲೆ ಉಳಿದದ್ದು ಬರೀ ಡಾಂಬರು.

ಕಾಕು ಹತ್ತಿರ ಬಂದು ಒಳಗೆ ಇಣುಕಿದರು. "ಸೊಸಿಯಾಗಿ ಹೊಸದಾಗಿ ನಡಕೊಳ್ಳಾಕ ಬಂದಾಗ ಇದ ಬಾವ್ಯಾಗ ನೀರು ಸೇದೇನಿ. ಪೂರಾ ಮರತ ಬಿಟ್ಟಿದ್ನೆವ್ವಾ." ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಅವತ್ತೇ ಕೇಳಿದ್ದು.

ಮರುದಿನದಿಂದ, ಹೀಗೆ ಮುಚ್ಚಿಹೋದ ಬೇರೆ ಬಾವಿಗಳು ಎಲ್ಲೆಲ್ಲಿದ್ದವೆಂದು ನೆನಪಿಸಿಕೊಂಡು ಮನೆಮನೆಗೆ ಹೋಗಿ ಹೇಳತೊಡಗಿದರು. ಹೊಸ ಶೆಡ್ಡು ಕಟ್ಟಿಸುತ್ತಿದ್ದ ಒಬ್ಬ ಮಾಲೀಕ ರೇಗಿದ: "ಕಾಕೂ, ನಿಮ್ಮ ಮಾತು ಹಬ್ಬಿದ್ರ ನಮ್ಮ ಜಾಗಾ ಕೊಳ್ಳಾಕ ಯಾರೂ ಮೂಸಿ ನೋಡಂಗಿಲ್ರಿ."

"ನಾಳೆ ನಿನ್ನ ಶೆಡ್ಡಿನ್ಯಾಗ ಮಂದಿ ನಿಂತಿರ್ತಾರಪಾ. ಒಮ್ಮೆ ಅಗಿಸಿ ನೋಡು, ಬಾವಿ ಇರಲಿಲ್ಲಂದ್ರ ನನ್ನ ಬೈಯಿ."

ಅವನು ಒಲ್ಲದ ಮನಸ್ಸಿನಿಂದ ಅಗೆಸಿದ. ಬಾವಿಯ ಕಲ್ಲುಮೆಟ್ಟಿಲು ಕಂಡವು. ತಳದವರೆಗೂ ಕಸ ತೆಗೆಸಿ, ಕಲ್ಲು ತುಂಬಿಸಿ, ಆಮೇಲೆ ಕಟ್ಟಿಸಿದ. ಬೇರೆ ಕೆಲವರು ನಕ್ಕು ಕಳಿಸಿದರು. ಕಾಕು ಅವರ ಬಾಗಿಲಿಗೂ ಮತ್ತೆ ಹೋದರು.

ಎಂಬತ್ತರ ದಶಕದ ನಡುವೆ ಜಯಸಿಂಗಪುರದ ಮಗಳ ಮನೆಯಲ್ಲಿ ಅವರು ತೀರಿಕೊಂಡರು. ಬೀದಿ ಕುಸಿದ ದಿನ ಹೊಟ್ಟೆಯಲ್ಲಿದ್ದ ನನ್ನ ಮಗಳನ್ನು ಕರೆದುಕೊಂಡು ಹೋಗಿದ್ದೆ. ಬರುವಾಗ ಬಸ್ಸಿನಲ್ಲಿ ಅವಳು, "ಅವ್ವಾ, ಅವರು ನಮಗೇನಾಗಬೇಕು?" ಎಂದು ಕೇಳಿದಳು.

"ನೀ ಹುಟ್ಟೂದಕಿಂತ ಮೊದಲ ನಿನ್ನ ಎತ್ತಿಕೊಂಡಾಕಿ" ಎಂದೆ.