ಕೋಟೇಚಾ ಮನೆಯ ಕಢಿ

ಗೋರ್ಧನದಾಸ ಕೋಟೇಚಾ ಅಡುಗೆಮನೆಗೆ ಬರುವ ಮೊದಲೇ ಅವನ ಗಂಟಲು ಬರುತ್ತಿತ್ತು. ಮುಂದಿನ ಅಂಗಡಿಯಿಂದ ಅಂಗಳ ದಾಟಿ ಬರುವಾಗ ದೊಡ್ಡದಾಗಿ ಕ್ಯಾಕರಿಸಿ, ಬಾಯಲ್ಲಿದ್ದ ತಂಬಾಕಿನ ರಸವನ್ನು ಪಪ್ಪಾಯಿ ಗಿಡದ ಬುಡಕ್ಕೆ ಉಗಿದು, ತುಟಿಯನ್ನು ಪಂಚೆಯ ತುದಿಗೆ ಒರೆಸಿಕೊಂಡು ಒಲೆಯ ಮುಂದೆ ನಿಲ್ಲುತ್ತಿದ್ದ. ಬಾಯಿ ಮುಕ್ಕಳಿಸಿದ್ದನ್ನು ಯಾರೂ ಕಂಡವರಿಲ್ಲ. ಕಡಲೆಹಿಟ್ಟು, ಮಜ್ಜಿಗೆ ಕದಡಿದ ಕುದಿಯುವ ಕಢಿಯಿಂದ ಸೌಟನ್ನು ಎತ್ತಿ, ಉಫ್ ಉಫ್ ಎಂದು ಊದಿ, ಬಿಳಿ ಮೀಸೆ ಅದ್ದುವಂತೆ ಸೊರ್ರನೆ ಹೀರಿ, ಸೌಟಿನ ಹೊಟ್ಟೆಯನ್ನು ನಾಲಗೆಯಿಂದ ಒಮ್ಮೆ ಸವರಿ, ಮತ್ತೆ ಅದನ್ನೇ ಪಾತ್ರೆಗೆ ಅದ್ದಿ ತಿರುವುತ್ತಿದ್ದ.

“ಬೆಲ್ಲ ಸಾಲದು. ನಮ್ಮಮ್ಮನ ಕೈರುಚಿ ಇದಲ್ಲ.”

ಬೆಲ್ಲ ಹಾಕಬೇಕು. ಮತ್ತೆ ಹೀರಬೇಕು, ಮತ್ತೆ ನೆಕ್ಕಬೇಕು, ಮತ್ತೆ ಅದ್ದಬೇಕು. ಅವನಿಗೆ ಸಮಾಧಾನವಾಗುವ ಹೊತ್ತಿಗೆ ಪಾತ್ರೆಯಲ್ಲಿ ಕಢಿ ಎಷ್ಟು, ಗೋರ್ಧನದಾಸ ಎಷ್ಟು ಎಂದು ಹೇಳುವುದು ಕಷ್ಟವಿತ್ತು.

ಅವನ ನಾಲಗೆಗೆ ಆ ಮನೆಯಲ್ಲಿ ಅಷ್ಟು ಅಧಿಕಾರ ಸಿಕ್ಕಿದ್ದಕ್ಕೆ ಕಾರಣವಿತ್ತು. ಮೀಸೆ ಮೂಡುವ ವಯಸ್ಸಿನಲ್ಲಿ ಕಾಠಿಯಾವಾಡದ ಹಳ್ಳಿ ಬಿಟ್ಟು, ಹಾಯಿಹಡಗು ಹತ್ತಿ, ಕೊನೆಗೆ ಆಫ್ರಿಕಾದ ಈ ಸರೋವರದ ದಡದ ಮ್ವಾಂಜಾ ಊರಿಗೆ ಬಂದು ಬಟ್ಟೆ ಅಂಗಡಿ ಇಟ್ಟವನು ಅವನು. ಹೊರಡುವ ದಿನ ತಾಯಿ ಬಡಿಸಿದ್ದು ಕಢಿ, ಖಿಚಡಿ. ಆಮೇಲೆ ತಾಯಿಯ ಮುಖ ನೋಡಲಿಲ್ಲ. ಆ ರುಚಿ ಭೂಮಿಯ ಮೇಲೆ ಉಳಿದಿರುವುದು ತನ್ನ ನಾಲಗೆಯಲ್ಲಿ ಮಾತ್ರ ಎಂದು ಅವನು ನಂಬಿದ್ದ. ಹೆಂಡತಿ ಮೋಂಘಿಬಾ, ಮಗ ಕಿರೀಟ್ ಅದನ್ನು ಒಪ್ಪಿಕೊಂಡಿದ್ದರು. ಊರಿನ ಗುಜರಾತಿ ಸಮಾಜವೆಲ್ಲ ಒಪ್ಪಿಕೊಂಡಿತ್ತು. ಮದುವೆಯಿರಲಿ, ಹಬ್ಬವಿರಲಿ, ಸಮಾಜದ ಭವನದ ಅಡುಗೆಗೆ ಅವನೇ ಯಜಮಾನ.

ಸೊಸೆ ತರುಲತಾ ಸರೋವರದ ಆಚೆ ದಡದ ಬುಕೋಬಾದವಳು. ಅವಳ ತವರಿನಲ್ಲಿ ಉಪ್ಪು ನೋಡಬೇಕಾದರೆ ಸೌಟಿನಿಂದ ಅಂಗೈಗೆ ಒಂದು ಹನಿ ಬಿಟ್ಟುಕೊಂಡು, ನೆಕ್ಕಿ, ಕೈ ತೊಳೆದು ಬರಬೇಕು. ತಪ್ಪಿದರೆ ತಾಯಿ ಅದೇ ಸೌಟಿನಿಂದ ಮಣಿಕಟ್ಟಿಗೆ ಬಡಿಯುತ್ತಿದ್ದಳು. ಹಡಗಿನಲ್ಲಿ ಬಂದು ಕೋಟೇಚಾ ಮನೆಯ ಹೊಸ್ತಿಲು ತುಳಿದ ವಾರದಲ್ಲೇ ಅವಳು ಮಾವನ ರುಚಿ ನೋಡುವ ಪರಿ ಕಂಡಳು. ಕಂಡವಳೇ ಹಿತ್ತಲಿಗೆ ಓಡಿ, ಹೊಟ್ಟೆಯಲ್ಲಿದ್ದುದನ್ನೆಲ್ಲ ಕಕ್ಕಿದಳು. ಮೋಂಘಿಬಾಗೆ ಸಂಭ್ರಮವೋ ಸಂಭ್ರಮ. ಬಂದ ವಾರದಲ್ಲೇ ಬಸಿರು ಹೇಗೆಂದು ಲೆಕ್ಕ ಹಾಕುವ ತಾಳ್ಮೆ ಯಾರಿಗೂ ಇರಲಿಲ್ಲ. ಅಕ್ಕಪಕ್ಕದ ಮನೆಗಳಿಗೆ ಬೆಲ್ಲ ಹಂಚಿಯೇಬಿಟ್ಟರು.

ಗಂಡನಿಗೆ ಹೇಳಿ ನೋಡಿದಳು.

“ನಿಮ್ಮಪ್ಪ ಸೌಟು ನೆಕ್ಕಿ ಮತ್ತೆ ಪಾತ್ರೆಗೆ ಹಾಕ್ತಾರೆ.”

“ಹೂಂ.”

“ಹೂಂ ಅಂದ್ರೆ?”

“ಕುದೀತಿರುತ್ತಲ್ಲ, ಎಲ್ಲಾ ಸತ್ತೋಗುತ್ತೆ ಬಿಡು.”

“ಏನು ಸತ್ತೋಗುತ್ತೆ? ಅದನ್ನಾದ್ರೂ ಹೇಳಿ.”

ಕಿರೀಟ್ ಪೇಪರನ್ನು ಮುಖದ ಮುಂದೆ ಎತ್ತಿಕೊಂಡ.

ಒಂದು ಪುಟ್ಟ ಬಟ್ಟಲು, ಚಮಚ ತಂದು ಒಲೆಯ ಪಕ್ಕ ಇಟ್ಟು ನೋಡಿದಳು. “ನಾನೇನು ಆಸ್ಪತ್ರೆ ರೋಗೀನಾ?” ಎಂದ ಮುದುಕ ಚಮಚವನ್ನು ಅತ್ತ ಬಿಸಾಡಿ, ಬಟ್ಟಲನ್ನೇ ಪಾತ್ರೆಗೆ ಮುಳುಗಿಸಿ, ಬಾಯಿಗಿಟ್ಟು ಕುಡಿದು, ಮತ್ತೆ ಮುಳುಗಿಸಿದ. ಮೊದಲು ಪಾತ್ರೆಗೆ ಸೇರುತ್ತಿದ್ದದ್ದು ನಾಲಗೆ, ಮೀಸೆ ಮಾತ್ರ. ಈಗ ತಂಬಾಕಿಗೆ ಹಳದಿಗಟ್ಟಿದ ಹೆಬ್ಬೆರಳೂ ಸೇರಿತು. ಮರುದಿನ ಬಟ್ಟಲನ್ನು ಅವಳೇ ಅಡಗಿಸಿಟ್ಟಳು.

ಮನೆಗೆಲಸಕ್ಕೆ ನ್ಯಾಮಿಜಿ ಎಂಬ, ಅಲ್ಲಿನದೇ ಸುಕುಮಾ ಕುಲದ ಹೆಂಗಸು ಬರುತ್ತಿದ್ದಳು. ತರಕಾರಿ ಹೆಚ್ಚಬಹುದು, ಪಾತ್ರೆ ತಿಕ್ಕಬಹುದು. ಬೆಂದ ಅಡುಗೆಯನ್ನು ಮಾತ್ರ ಅವಳು ಮುಟ್ಟುವಂತಿಲ್ಲ. ಚಹಾ ಕುಡಿಯಲು ಅವಳದೊಂದು ತಗಡಿನ ಲೋಟ ಹಿತ್ತಲ ಕಿಟಕಿಯ ಮೇಲೆ ಬೇರೆಯೇ ಕೂತಿರುತ್ತಿತ್ತು. ಒಂದು ದಿನ ಮಾವ ನೆಕ್ಕಿ ಹೋದಮೇಲೆ ಬಾಗಿಲಲ್ಲಿ ನಿಂತಿದ್ದ ಅವಳು ತರುಲತಾಳನ್ನು ತನ್ನ ಭಾಷೆಯಲ್ಲಿ ಅಮ್ಮಾ ಎಂದು ಕರೆದು ಕೇಳಿದಳು:

“ನಾನು ಮುಟ್ಟಿದ್ರೆ ಮೈಲಿಗೆ, ಮುದುಕ ನೆಕ್ಕಿದ್ರೆ ಮಸಾಲೆನಾ, ಮಾಮಾ?”

ತರುಲತಾಳಿಗೆ ನಗು ಉಕ್ಕಿತು. ನಗುವಿನ ಬೆನ್ನಿಗೇ ಕಣ್ಣು ಕಿಟಕಿಯ ಕಡೆ ಹೋಯಿತು. ಲೋಟವನ್ನು ಕಿಟಕಿಯ ಮೇಲೆ ಇಡುತ್ತಿದ್ದದ್ದು ತಾನೇ ಅಲ್ಲವೇ? ಆದರೂ ಅದನ್ನು ಅಲ್ಲಿಂದ ತೆಗೆಯಲಿಲ್ಲ.

ಹಸಿವು ದಾರಿ ಹುಡುಕಿತು. ಮನೆಯ ದೇವರು ಠಾಕೋರ್‌ಜಿಗೆ ಮೋಂಘಿಬಾ ದಿನವೂ ಕಲ್ಲುಸಕ್ಕರೆ, ಹಾಲು ಇಟ್ಟು ಕೈ ಮುಗಿಯುತ್ತಿದ್ದಳು, ಅಷ್ಟೇ. ತರುಲತಾ ಅತ್ತೆಯ ಹತ್ತಿರ ಹೋಗಿ, “ದೇವರಿಗೆ ಬರೀ ಸಕ್ಕರೆ ಇಟ್ರೆ ಹೇಗೆ ಅತ್ತೆ? ನಮ್ಮ ತವರಲ್ಲಿ ದಿನಾ ಪೂರ್ತಿ ಅಡುಗೆ ನೈವೇದ್ಯ ಆಗುತ್ತೆ,” ಎಂದು ಅಪ್ಪಟ ಸುಳ್ಳು ಹೇಳಿದಳು.

ಮೋಂಘಿಬಾ ಸೊಸೆಯ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. “ಇಡು. ಅವರು ಒಳಗೆ ಬರೋಕೆ ಮುಂಚೇನೇ ತೆಗೆದಿಡು,” ಎಂದು ಹೂ ಕಟ್ಟಲು ಹೋದಳು.

ಅಂದಿನಿಂದ ದೇವರ ಬಟ್ಟಲು ದೊಡ್ಡದಾಯಿತು. ಕ್ಯಾಕರಿಸುವ ಸದ್ದು ಅಂಗಳದಲ್ಲಿ ಕೇಳುವ ಮೊದಲು ಕಢಿ, ದಾಳ್, ಪಲ್ಯ ಎಲ್ಲವೂ ಅದರೊಳಗೆ ಸೇರಿ ದೇವರ ಮನೆಗೆ ಹೋಗುತ್ತಿದ್ದವು. ಆ ಪ್ರಸಾದವನ್ನೇ ಅವಳು ಉಂಡಳು. ಮುಂದೆ ಹುಟ್ಟಿದ ಇಬ್ಬರು ಹೆಣ್ಣುಮಕ್ಕಳಿಗೂ ಅದನ್ನೇ ತಿನ್ನಿಸಿದಳು. ಭವನದ ಊಟಗಳಲ್ಲಿ ಎಲೆಯ ಮುಂದೆ ಕೂರುತ್ತಿರಲಿಲ್ಲ. ಏಕಾದಶಿ, ಹರಕೆ, ಏನಾದರೊಂದು ನೆಪ. ವರ್ಷಗಳು ಉರುಳಿದಂತೆ, ಅಕ್ಕನೆಂದು ‘ಬೆನ್’ ಸೇರಿಸಿ ಅವಳನ್ನು ಕರೆಯುತ್ತಿದ್ದ ಊರಿನಲ್ಲಿ ಮಾತು ಹಬ್ಬಿತು: ತರುಬೆನ್ ಪ್ರಸಾದ ಬಿಟ್ಟು ಬೇರೇನೂ ಬಾಯಿಗಿಡುವುದಿಲ್ಲವಂತೆ. ಹೊಸ ಸೊಸೆಯರನ್ನು ಕರೆತಂದು ಅವಳ ಕಾಲಿಗೆ ಬೀಳಿಸತೊಡಗಿದರು. ಗೋರ್ಧನದಾಸ ಮೀಸೆ ಸವರುತ್ತ, “ನಮ್ಮನೆಗೆ ಬಂದಿರೋದು ಸೊಸೆ ಅಲ್ಲ ಕಣ್ರೋ, ಸಾಧ್ವಿ,” ಎಂದು ಹೇಳಿಕೊಂಡು ತಿರುಗಿದ. ಯಾವ ಬಾಯಿಗೆ ಹೆದರಿ ಅವಳು ಸಾಧ್ವಿಯಾದಳೋ ಆ ಬಾಯಿಯೇ ಅವಳನ್ನು ಹೊಗಳುವುದನ್ನು ಕೇಳಿದರೆ ಮೈಮೇಲೆ ಹುಳು ಹರಿದಂತಾಗುತ್ತಿತ್ತು.

ಆಮೇಲೆ ಅಂಗಡಿಗಳ ಕಪಾಟು ಖಾಲಿಯಾದ ವರ್ಷಗಳು ಬಂದವು. ಸಕ್ಕರೆ ಇಲ್ಲ, ಎಣ್ಣೆ ಇಲ್ಲ, ಸೋಪಿಗೂ ಸಾಲು. ಕಡಲೆಹಿಟ್ಟಂತೂ ಕನಸು. ಆದರೂ ದೀಪಾವಳಿಯ ಮರುದಿನ ದೇವರ ಮುಂದೆ ರಾಶಿ ಅಡುಗೆ ಇಡುವ ಅನ್ನಕೂಟ ನಿಲ್ಲಬಾರದೆಂದು ಸಮಾಜದವರು ಹಟ ಹಿಡಿದರು. ಮನೆಮನೆಯಿಂದ ಹಿಡಿ ಸಕ್ಕರೆ, ಲೋಟ ಎಣ್ಣೆ ಒಟ್ಟಾಯಿತು. ಸಮಾಜದ ಅಧ್ಯಕ್ಷ ಜಮನಾದಾಸ್ ಗಡಿಯಾಚೆಯಿಂದ ಕಾರಿನ ಹೆಚ್ಚುವರಿ ಚಕ್ರದಡಿ ಬಚ್ಚಿಟ್ಟು ಕಡಲೆಹಿಟ್ಟು ತರಿಸಿದ. ಅದರಲ್ಲಿ ಆಗುವುದು ಒಂದೇ ಹಂಡೆ ಕಢಿ. ಕೋಟೇಚಾ ಮನೆಯ ಕಢಿ. ಅದಕ್ಕೆ ನಿಲ್ಲುವವನು ಗೋರ್ಧನದಾಸ.

ಅನ್ನಕೂಟದ ಅಡುಗೆ ದೇವರಿಗೆ ತೋರಿಸುವ ತನಕ ಯಾರೂ ಮೂಸಿಯೂ ನೋಡುವಂತಿಲ್ಲ. ಬೆಳಗಿನಿಂದ ಅಕ್ಕಿ ತೊಳೆದು, ಕುಂಬಳಕಾಯಿ ಹೆಚ್ಚಿಕೊಟ್ಟ ನ್ಯಾಮಿಜಿ ಮತ್ತಿತರ ಹೆಂಗಸರನ್ನು, “ಸಾಕು, ಇನ್ನು ಒಳಗೆ ಕಾಲಿಡಬೇಡಿ, ನೈವೇದ್ಯ ಇದೆ,” ಎಂದು ಬಾಗಿಲಾಚೆ ನಿಲ್ಲಿಸಿದ್ದರು. ಗೋರ್ಧನದಾಸ ಹಂಡೆಯ ಮುಂದೆ ಕೈಕಟ್ಟಿ ನಿಂತಿದ್ದ. ಕಢಿ ಕುದಿ ಬಂತು. ಒಗ್ಗರಣೆ ಬಿತ್ತು. ಘಮ ಎದ್ದದ್ದೇ ತಡ, ಅವನ ಕೈ ತಾನೇ ತಾನಾಗಿ ಸೌಟಿಗೆ ಹೋಯಿತು. ಸೊರ್ರನೆ ಹೀರಿದ. ನಾಲಗೆಯಿಂದ ಸವರಿದ. ಮೀಸೆಯ ತುದಿಯಲ್ಲಿ ತೂಗುತ್ತಿದ್ದ ಹಳದಿ ಹನಿಯೊಂದು ತೊಟ್ಟನೆ ಹಂಡೆಗೇ ಬಿತ್ತು. ಸೌಟೂ ಅದರ ಹಿಂದೆ ಇಳಿಯಿತು.

ಸುತ್ತ ನಿಂತಿದ್ದವರೆಲ್ಲ ನೋಡಿದರು. ಜಮನಾದಾಸ್ ಚಾವಣಿಯ ಕಡೆ ತಿರುಗಿದ. ಪಕ್ಕದ ಬೀದಿಯ ಮಂಛಾಬೆನ್ ಇದ್ದಕ್ಕಿದ್ದಂತೆ ಕೊತ್ತಂಬರಿ ಸೋಸತೊಡಗಿದಳು. ಅಷ್ಟರಲ್ಲಿ ಪೂಜಾರಿ ಬೆಳ್ಳಿ ಬಟ್ಟಲು ಹಿಡಿದು ಬಂದ.

“ತರುಬೆನ್, ಮೊದಲ ಬಟ್ಟಲು ನೀವೇ ತುಂಬಿ ತನ್ನಿ. ನಿಮ್ಮ ಕೈಗಿಂತ ಶುದ್ಧದ್ದು ಇಲ್ಲಿ ಯಾವುದಿದೆ?”

ಬಟ್ಟಲು ಅವಳ ಕೈಗೆ ಬಂತು. ಅವಳು ಅದನ್ನು ನೆಲದ ಮೇಲೆ ಬೋರಲು ಹಾಕಿದಳು.

“ಇದು ದೇವರಿಗೆ ಆಗಲ್ಲ. ಎಂಜಲಾಗಿದೆ.”

“ಯಾರು ಎಂಜಲು ಮಾಡಿದ್ದು?” ಪೂಜಾರಿ ಬೆಚ್ಚಿದ.

“ನಮ್ಮ ಮಾವ. ಈಗಷ್ಟೇ. ಇಲ್ಲಿರೋರೆಲ್ಲ ನೋಡಿದ್ದಾರೆ, ಕೇಳಿ.”

“ನಾನಾ?” ಗೋರ್ಧನದಾಸನ ಮೀಸೆ ಇನ್ನೂ ಒದ್ದೆಯಿತ್ತು. “ಉಪ್ಪು ನೋಡಿದೆ ಕಣೇ! ಹಿರಿಯರ ಬಾಯಿ ಎಂಜಲಾಗುತ್ತಾ? ಈ ಊರಿಗೆ ಕಢಿ ಅಂದ್ರೇನು ಅಂತ ತೋರಿಸಿಕೊಟ್ಟಿದ್ದೇ ಈ ನಾಲಗೆ!”

ಜಮನಾದಾಸ್ ಮೆತ್ತಗೆ ನಡುವೆ ಬಂದ. “ಬೆನ್, ಈ ಕಾಲದಲ್ಲಿ ಇಷ್ಟು ಹಿಟ್ಟು ಚೆಲ್ಲೋಕಾಗುತ್ತಾ? ನೀವೇ ಹೇಳಿ. ಒಂದು ಹನಿ ಗಂಗಾಜಲ ಬಿಟ್ರೆ ಆಯ್ತು.”

“ಚೆಲ್ಲಬೇಡಿ. ಹೊರಗೆ ನಿಂತಿರೋರಿಗೆ ಕೊಡ್ತೀರಾ ಅಂತ ಕೇಳಲ್ಲ, ಎಂಜಲು ಅಂತ ಗೊತ್ತಾದ್ಮೇಲೆ ಅವರೂ ಇದನ್ನ ಮುಟ್ಟಲ್ಲ. ನೀವೇ ಉಣ್ಣಿ. ದೇವರಿಗೆ ಮಾತ್ರ ಇಡಬೇಡಿ.”

ಇಟ್ಟರು. ಸೀಸೆಯಿಂದ ಗಂಗಾಜಲದ ಹನಿ ಬಿತ್ತು, ಬೇರೆ ಯಾರೋ ಬಟ್ಟಲು ಒಯ್ದರು, ಪರದೆ ಎಳೆದರು, ಘಂಟೆ ಬಾರಿಸಿದರು. ಆಮೇಲೆ ಸಾಲುಸಾಲಾಗಿ ಕೂತು ಉಂಡರು. ಕಢಿಗೆ ಎರಡೆರಡು ಸಲ ಕೈಯೊಡ್ಡಿದರು, ಬೆರಳು ಚೀಪಿದರು, ಮಕ್ಕಳು ದೊನ್ನೆ ನೆಕ್ಕಿದರು. ಭವನದ ತುಂಬ ಸೊರ್ ಸೊರ್ ಸದ್ದು. ತರುಲತಾ ಕಂಬಕ್ಕೊರಗಿ ನಿಂತು, ಆ ಸದ್ದು ಒಂದೇ ದೊಡ್ಡ ಬಾಯಿಯಿಂದ ಬರುತ್ತಿದೆಯೇನೋ ಎಂಬಂತೆ ಕೇಳಿಸಿಕೊಂಡಳು.

ಮಂಛಾಬೆನ್ ಕೈ ತೊಳೆದು ಬಂದು ಪಕ್ಕದಲ್ಲಿ ನಿಂತಳು. “ಯಾಕೆ ಸುಮ್ನೆ ರಂಪ ಮಾಡಿದ್ರಿ? ನಮಗೆಲ್ಲ ಗೊತ್ತಿರಲಿಲ್ವಾ? ನಮ್ಮ ಮಾವ ಹಲ್ಲಿನ ಸೆಟ್ಟು ಬಿಚ್ಚಿ ಕುಡಿಯೋ ನೀರಿನ ಲೋಟದಲ್ಲೇ ಅಲ್ಲಾಡಿಸ್ತಾರೆ. ಆ ಲೋಟ ಮತ್ತೆ ಮಡಕೆ ಒಳಗೆ. ಹೇಳೋಕಾಗುತ್ತಾ?”

“ನೀವು ಆ ನೀರು ಕುಡೀತೀರಾ?”

“ಬಾಯಾರಿದ್ರೆ ಇನ್ನೇನು ಮಾಡೋದು?”

“ಹಾಗಾದ್ರೆ ನಾನು ಯಾಕೆ ಉಣ್ತಿರಲಿಲ್ಲ ಅನ್ನೋದೂ ಗೊತ್ತಿತ್ತಾ?”

ಮಂಛಾಬೆನ್ ಸೆರಗಿನ ಅಂಚು ಸರಿಮಾಡಿಕೊಂಡಳು. “ಭಕ್ತಿ ಅಂದ್ಕೊಂಡ್ರೆ ಎಲ್ಲರಿಗೂ ಮರ್ಯಾದೆ ಅಲ್ವಾ, ತರುಬೆನ್?”

ಇದೇ ಹೆಂಗಸು ಮೂರು ಸೊಸೆಯರನ್ನು ತಂದು ಅವಳ ಕಾಲಿಗೆ ಬೀಳಿಸಿದ್ದಳು. ತರುಲತಾ ತನ್ನ ಪಾದಗಳನ್ನು ನೋಡಿಕೊಂಡಳು. ಮನೆಗೆ ಬಂದವಳೇ ಬಚ್ಚಲಿಗೆ ಹೋಗಿ, ಸಾಲಿನಲ್ಲಿ ನಿಂತು ತಂದಿದ್ದ ಸೋಪಿನ ತುಂಡು ಸವೆಯುವ ತನಕ ಕಾಲು ಉಜ್ಜಿದಳು.

ಗೋರ್ಧನದಾಸ ಮನೆಯಲ್ಲಿ ಎಗರಾಡಿದ. ಅನ್ನ ಹಾಕಿದ ಮನೆಗೆ ಮಸಿ ಬಳಿದಳೆಂದ, ಬುಕೋಬಾಕ್ಕೆ ವಾಪಸು ಕಳಿಸಿ ಎಂದ. ಅವನು ಮಾತು ಮುಗಿಸುವ ತನಕ ಕಾದು ತರುಲತಾ ಹೇಳಿದ್ದು ಒಂದೇ: “ನಾಳೆಯಿಂದ ಈ ಒಲೇಲಿ ನಾನು ಅಡುಗೆ ಮಾಡಲ್ಲ.”

ಹಿತ್ತಲ ಜಗಲಿಯ ಮೇಲೆ ಅವಳು ಇದ್ದಿಲ ಒಲೆ ಹೂಡಿದಳು. ಸಂತೆಯಿಂದ ಹೊಸ ಪಾತ್ರೆ, ಹೊಸ ಸೌಟು ಬಂತು. ಕಿಟಕಿಯ ಮೇಲಿನ ತಗಡಿನ ಲೋಟವನ್ನು ಅವಳು ಕಸದ ಗುಂಡಿಗೆ ಎಸೆದಾಗ ನ್ಯಾಮಿಜಿ, “ಅಯ್ಯೋ, ಚೆನ್ನಾಗಿತ್ತಲ್ಲ ಅದು! ಈ ಮನೇಲಿ ಇನ್ನೊಬ್ಬರ ಬಾಯಿ ತಾಗದೆ ಇದ್ದದ್ದು ಅದೊಂದೇ,” ಎಂದು ಗೊಣಗಿದಳು. ಅವಳು, ನ್ಯಾಮಿಜಿ, ಮಕ್ಕಳು ಎಲ್ಲರೂ ಒಂದೇ ಬಗೆಯ ತಟ್ಟೆಯಲ್ಲಿ ಉಂಡರು. ಕಡಲೆಹಿಟ್ಟು ಇರಲಿಲ್ಲ, ಜೋಳದ ಹಿಟ್ಟು ಕದಡಿ ಕಢಿಯಂಥದ್ದೇನನ್ನೋ ಮಾಡಿದಳು.

ಎರಡು ದಿನ ಮುಖ ಊದಿಸಿಕೊಂಡಿದ್ದ ಕಿರೀಟ್ ಮೂರನೆಯ ದಿನ ಜಗಲಿಗೆ ಬಂದು ಕೂತ. ಅವಳು ಬಡಿಸಿದಳು. ಅವನು ಕಲಸಿ ಉಂಡ, ನಾಲಗೆಯನ್ನು ಅಂಗುಳಿಗೆ ತಾಗಿಸಿ ಯೋಚಿಸಿದ.

“ಚೆನ್ನಾಗಿದೆ. ಆದ್ರೆ ಏನೋ ಕಮ್ಮಿ ಇದೆ.”

“ಜೋಳದ ಹಿಟ್ಟು. ಅದಕ್ಕೇ.”

“ಹಿಟ್ಟಲ್ಲ. ಬೇರೆ ಏನೋ. ಮನೆ ರುಚಿ ಇಲ್ಲ.”

ಏನು ಕಮ್ಮಿ ಎಂದು ಅವಳಿಗೆ ಹೊಳೆಯಿತು. ಹುಟ್ಟಿದಾಗಿನಿಂದ ಅವನು ಉಂಡ ಪ್ರತಿ ತುತ್ತಿನಲ್ಲೂ ಇದ್ದದ್ದು, ಅವಳ ಪಾತ್ರೆಯಲ್ಲಿ ಇರಲಿಲ್ಲ. ಅವಳು ಹೇಳಲಿಲ್ಲ, ಹೇಳಿದ್ದರೂ ಅವನು ಪೇಪರು ಹುಡುಕುತ್ತಿದ್ದ. ಆದರೆ ಅಂದಿನಿಂದ ಅವನು ಮಾತಾಡಲೆಂದು ಹತ್ತಿರ ಬಾಗಿದರೂ ಅವಳ ಮುಖ ತಾನೇ ಪಕ್ಕಕ್ಕೆ ತಿರುಗುತ್ತಿತ್ತು. ಅವನು ಒಳಗಿನ ಒಲೆಗೆ, ಅಪ್ಪನ ಪಕ್ಕದ ಮಣೆಗೆ ಮರಳಿದ. ಅವಳಿಗೆ ಅದರಿಂದ ದುಃಖವೇನೂ ಆಗಲಿಲ್ಲ.

ಒಳಗಿನ ಒಲೆ ಈಗ ಮೋಂಘಿಬಾಳ ಪಾಲಿಗೆ ಬಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ, ಗಂಡನಿಗೂ ಮಗನಿಗೂ ಬಡಿಸಿ, ತನ್ನ ತಟ್ಟೆ ಹಿಡಿದುಕೊಂಡು ಮುದುಕಿ ಜಗಲಿಗೆ ಬಂದಳು. ನ್ಯಾಮಿಜಿಯ ಪಕ್ಕ ಜಾಗ ಮಾಡಿಕೊಂಡು ಕೂತು ತಟ್ಟೆ ಮುಂದೊಡ್ಡಿದಳು.

“ಹಾಕು.”

ತರುಲತಾ ಹಾಕಿದಳು. ಮೋಂಘಿಬಾ ಹಸಿದ ಹುಡುಗಿಯಂತೆ ಉಂಡಳು.

“ನಿಮಗೆ ಯಾವತ್ತೂ ಹೇಸಿಗೆ ಆಗ್ಲಿಲ್ವಾ, ಅತ್ತೆ?”

“ಆಗದೆ ಏನು? ಉಸಿರು ಬಿಗಿಹಿಡಿದು ನುಂಗೋದು ಕಲಿತೆ. ನೀನೂ ಕಲೀತೀಯ ಅಂದ್ಕೊಂಡಿದ್ದೆ.” ತಟ್ಟೆಯ ಅಂಚು ಬಳಿದುಕೊಂಡು, “ಕಲೀಲಿ ಅಂತಾನೂ ಇತ್ತು. ನಾನೊಬ್ಬಳೇ ಯಾಕೆ ನುಂಗಬೇಕು?”

ಮುದುಕಿಯ ಮೇಲೆ ಕನಿಕರ ಹುಟ್ಟಬೇಕಿತ್ತು. ತರುಲತಾ ಕಾದು ನೋಡಿದಳು, ಹುಟ್ಟಲಿಲ್ಲ. ಹುಟ್ಟಿದ್ದು ಹೇಸಿಗೆಯೇ, ಮಾವನ ಮೀಸೆ ಕಂಡಾಗ ಆಗುತ್ತಿದ್ದುದಕ್ಕಿಂತ ಒಂದು ಕೈ ಹೆಚ್ಚು. ಅವನಿಗೆ ತಾನು ಮಾಡುತ್ತಿರುವುದು ಏನೆಂದೇ ಗೊತ್ತಿರಲಿಲ್ಲ. ಇವಳಿಗೆ ಗೊತ್ತಿತ್ತು.

“ಇನ್ನೊಂದು ಸ್ವಲ್ಪ,” ಎಂದಳು ಮೋಂಘಿಬಾ.

ಬೇಡವೆನ್ನಲು ತರುಲತಾಳಿಗೆ ಬಾಯಿ ಬರಲಿಲ್ಲ. ಬಡಿಸಿದಳು. ಮರುದಿನವೂ ಅತ್ತೆ ಬಂದಳು, ಅದರ ಮರುದಿನವೂ. ಗೋರ್ಧನದಾಸ ಸಾಯುವ ತನಕ, ಸತ್ತ ಮೇಲೂ ಬಂದಳು. ತರುಲತಾ ಒಂದು ದಿನವೂ ತಪ್ಪಿಸದೆ ಬಡಿಸಿದಳು. ಆದರೆ ಅತ್ತೆ ಉಣ್ಣುವಾಗ ಅವಳ ಕಡೆ ನೋಡದೆ, ಬೆನ್ನು ಹಾಕಿ ಕೂತು, ಆಮೇಲೆ ತಾನು ಉಂಡಳು.