ಹಿಂದಕ್ಕೆ ತಿರುಗಿದ ಮೀಟರು

ಮೂಗಿನ ಮೇಲೆ ಸಿಟ್ಟು ಇರುವವರು ಸರಕಾರಿ ಫಾರ್ಮು ತುಂಬಬಾರದು. ಇದನ್ನು ನಾನು ಕಲಿತದ್ದು ತಾರಿಹಾಳದ ಒಂದು ಎಣ್ಣೆ ಮಿಲ್ಲಿನಲ್ಲಿ. ಎರಡು ಸಾವಿರದ ಇಸವಿಯ ಆಚೀಚಿನ ವರ್ಷಗಳು. ನಾನು ವಿದ್ಯುತ್ ಕಚೇರಿಯಲ್ಲಿ ಕಿರಿಯ ಎಂಜಿನಿಯರು. ಸೀರೆಯುಟ್ಟು ಕಂಬದ ಕೆಳಗೆ ನಿಂತು ಲೈನ್‌ಮನ್‌ಗಳಿಗೆ ಕೂಗುತ್ತಿದ್ದವಳು ಆಗ ನಾನೊಬ್ಬಳೇ.

ಮಿಲ್ಲಿನ ಯಜಮಾನರು ಅರವತ್ತು ದಾಟಿದವರು, ಊರಿಗೆಲ್ಲ ಕಾಕಾ, ನನಗೂ ಕಾಕಾ. ಶೇಂಗಾ ಸಿಪ್ಪೆಯನ್ನು ಉಕ್ಕಿನ ಡ್ರಮ್ಮಿನಲ್ಲಿ ಸುಟ್ಟು ಗ್ಯಾಸು ಮಾಡಿ, ಆ ಗ್ಯಾಸಿನಿಂದ ಹಳೆಯ ಎಂಜಿನ್ ಓಡಿಸಿ, ಕರೆಂಟು ತೆಗೆಯುತ್ತಿದ್ದರು. ಸಂಜೆ ಮಿಲ್ಲು ನಿಂತ ಮೇಲೆ ಉಳಿದ ಕರೆಂಟನ್ನು ನಮ್ಮ ಲೈನಿಗೆ ಬಿಡುತ್ತೇನೆಂದು ಕೇಳಿದರು. ಆಗಿನ ಸಾಹೇಬರು "ಮೂರು ತಿಂಗಳ ಹಚ್ಚಿ ನೋಡ್ರಿ" ಎಂದು ಒಪ್ಪಿದರು. ಬರೀ ಬಾಯಿಮಾತು. ಲೈನು ಹೋದ ಕೂಡಲೇ ಎಂಜಿನ್ನನ್ನು ಕಳಚುವ ಸ್ವಿಚ್ಚನ್ನು ನಾನೇ ನಿಂತು ಪರೀಕ್ಷಿಸಿದೆ. ಮೂರು ತಿಂಗಳಾದ ಮೇಲೆ, ಇಂಥ ಸಣ್ಣ ಯಂತ್ರದಿಂದ ಲೈನಿಗೆ ಏನು ಉಪಯೋಗ ಎಂದು ನಾನು ವರದಿ ಕೊಡಬೇಕು. ಉಪಯೋಗ ಉಂಟು ಎಂದರೆ ಎಂಜಿನ್ ಲೈನಿನಲ್ಲಿ ಉಳಿಯುತ್ತದೆ, ಇಲ್ಲ ಎಂದರೆ ತಂತಿ ಕಳಚಬೇಕು.

ವರದಿಯ ಫಾರ್ಮು ಕೇಳಿದ್ದು ಒಂದೇ: ಎಷ್ಟು ಯೂನಿಟ್? ನಮ್ಮ ಸಬ್‌ಸ್ಟೇಶನ್ನಿನ ಮುಂದೆ ಕಾಕಾ ಕೊಡುತ್ತಿದ್ದದ್ದು ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಆದರೆ ಉಪಯೋಗ ಗೊತ್ತಾಗಬೇಕಾದರೆ ವೋಲ್ಟೇಜು ಕುಸಿಯುವ ಲೈನಿನ ತುದಿಗೆ ಹೋಗಬೇಕು. ಅಲ್ಲಿ ಒಬ್ಬ ಹೆಣ್ಣುಮಗಳು ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದಳು.

"ಕಾಕಾನ ಎಂಜಿನ್ ದಗ್ ದಗ್ ಅಂದ್ರ ಸಾಕ್ರಿ, ನನ್ನ ಕಲ್ಲು ತಿರಗತಾವು. ಇಲ್ಲಾಂದ್ರ ಸಂಜೀಕ ಮೋಟರ್ ಹುಂ ಅಂತ ನಿಂತಬಿಡತೈತಿ. ಮಂದಿ ಡಬ್ಬಿ ಇಟ್ಟು ಮನೀಗೆ ಹೋಗತಾರ."

ವೋಲ್ಟ್‌ಮೀಟರ್ ಹಚ್ಚಿ ನೋಡಿದೆ. ಖರೇ. ಎಂಜಿನ್ ಶುರುವಾದರೆ ಮುಳ್ಳು ಮೇಲೇರುತ್ತಿತ್ತು, ನಿಂತರೆ ಬೀಳುತ್ತಿತ್ತು. ಹದಿನೈದು ಸಂಜೆ ಗಿರಣಿಯಲ್ಲಿ ಕೂತು, ಜೋಳದ ಹಿಟ್ಟು ತಲೆಗೆಲ್ಲ ಮೆತ್ತಿಸಿಕೊಂಡು ಎಲ್ಲ ಬರೆದುಕೊಂಡೆ. ಇಷ್ಟು ಖುಷಿಯಿಂದ ನಾನು ಇಲಾಖೆಯ ಕೆಲಸ ಮಾಡಿದ್ದು ಅದೇ ಮೊದಲು.

ಇನ್ನು ಉಳಿದದ್ದು ಕಾಕಾನ ಮೀಟರು. ಅದು ಚಕ್ರ ತಿರುಗುವ ಹಳೇ ಮೀಟರು. ನಮ್ಮ ಕರೆಂಟು ತಗೊಂಡರೆ ಮುಂದಕ್ಕೆ, ಅವರು ಕೊಟ್ಟರೆ ಹಿಂದಕ್ಕೆ. ಮಿಲ್ಲಿಗೆ ಕೆಲಸ ಕಡಿಮೆಯಿದ್ದ ಕಾಲ, ಹಾಗಾಗಿ ಹೋದ ತಿಂಗಳಿಗಿಂತ ಅಂಕಿ ಕೆಳಗಿಳಿದಿತ್ತು. ನಮ್ಮ ಮೀಟರ್ ರೀಡರುಗಳು ಕಡಿಮೆ ಅಂಕಿಯನ್ನು ಎಂದೂ ಬರೆಯುತ್ತಿರಲಿಲ್ಲ. ಒಂದು ಸರಾಸರಿ ಹಾಕಿ ಮುಂದೆ ಹೋಗುತ್ತಿದ್ದರು. ಕಡಿಮೆ ಅಂಕಿಗೆ ನಮ್ಮ ಕಚೇರಿಯಲ್ಲಿ ಒಂದೇ ಅರ್ಥ: ಕಳವು.

"ಬ್ಯಾಡ್ರಿ ಬಾಯಾರ, ಸರಾಸರಿ ಹಾಕ್ತೀನಿ," ಎಂದರು ನನ್ನ ಜೊತೆ ಬಂದಿದ್ದ ರೀಡರು. ಕೆಲಸದಲ್ಲಿ ನನಗಿಂತ ಹಿರಿಯರು.

"ಇದ್ದದ್ದು ಬರಿಯಾಕ ಯಾರಪ್ಪನ ಅಂಜಿಕಿ?" ಎಂದು ಅವರ ಕೈಯಿಂದ ಪುಸ್ತಕ ಕಸಿದು ನಾನೇ ಬರೆದೆ. ಆಹಾ, ಏನು ಮಾತು! ಕಾಕಾ ಎಷ್ಟು ಕೊಟ್ಟರು ಎಂಬುದಕ್ಕೆ ಆ ಅಂಕಿಯೇ ಸಾಕ್ಷಿ ಎಂದುಕೊಂಡಿದ್ದೆ.

ಎಂಟು ದಿನದಲ್ಲಿ ಕಳವು ಹಿಡಿಯುವವರ ಜೀಪು ಬಂತು. ಮೀಟರನ್ನು ಹಿಂದಕ್ಕೆ ತಿರುಗಿಸಿದ್ದಾರೆ ಎಂದು ಬರೆದು, ಮಿಲ್ಲಿನ ಕರೆಂಟು ಕಡಿದು ಹೋದರು. ಅಷ್ಟರಲ್ಲಿ ಹಳೇ ಸಾಹೇಬರಿಗೆ ವರ್ಗವಾಗಿತ್ತು. ಫೋನು ಮಾಡಿದರೆ "ನಾ ಹಂಗ ಅಂದಿದ್ನೇನು? ನೆನಪಿಲ್ಲ ನೋಡ್ರಿ" ಎಂದರು. ಹೊಸ ಸಾಹೇಬರ ಮುಂದೆ ಹದಿನೈದು ಸಂಜೆಯ ಹಾಳೆ ಇಟ್ಟೆ.

"ಛಲೋ ಬರದೀರಿ. ಆದ್ರ ಇದಕ್ಕ ಫಾರ್ಮಿನ್ಯಾಗ ಕಾಲಮ್ ಎಲ್ಲೈತಿ?" ಎಂದರು. "ನೋಡ್ರಿ, ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು. ರೀಡಿಂಗ್ ತಗೊಳ್ಳೂದ್ರಾಗ ತಪ್ಪಾತು ಅಂತ ಬರಕೊಡ್ರಿ. ಇವತ್ತ ಕರೆಂಟ್ ಕೊಡಸ್ತೀನಿ."

"ಮತ್ತ ನನ್ನ ವರದಿ, ಸರ್?"

"ರೀಡಿಂಗ್ ತಪ್ಪು ಅಂದ ಮ್ಯಾಲ ಅವರು ಏನೂ ಕೊಟ್ಟಿಲ್ಲಂತಾತಲ್ಲ. ಸೊನ್ನಿ ಬರೀರಿ. ತಂತಿ ಕಳಚ್ರಿ."

ಅಡಕತ್ತರಿಯಲ್ಲಿ ಸಿಕ್ಕ ಅಡಕೆಯ ಪಾಡಾಯಿತು ನನ್ನದು. ಅಂಕಿ ಖರೇ ಎಂದರೆ, ಒಪ್ಪಿಗೆಯ ಕಾಗದವಿಲ್ಲದ ಕಾಕಾ ಕಳ್ಳ. ತಪ್ಪು ಎಂದರೆ ಕಾಕಾ ಕೊಟ್ಟದ್ದೆಲ್ಲ ಸುಳ್ಳು. ಎರಡೂ ಬಾಗಿಲಿಗೆ ನನ್ನದೇ ಅಕ್ಷರದ ಬೀಗ. ಮೂರು ದಿನ ಮನೆಯವರ ಮೇಲೆ ಸುಮ್ಮಸುಮ್ಮನೆ ಹರಿಹಾಯ್ದೆ. ನಾಲ್ಕನೇ ದಿನ ಮಿಲ್ಲಿಗೆ ಹೋಗಿ ಕಾಕಾನ ಮುಂದೆ ಎಲ್ಲ ಹೇಳಿದೆ. ಬೈದರೆ ಬೈಯಲಿ, ಬೈದರೆ ನನಗೇ ಹಗುರಾಗುತ್ತದೆ ಎನಿಸಿತ್ತು.

ಕಾಕಾ ಬೈಯಲಿಲ್ಲ. ನಿಂತ ಗಾಣದ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು.

"ಮಿಲ್ಲು ನಡೀಬೇಕು ಬಾಯಾರ, ಹನ್ನೊಂದು ಮಂದಿ ಆಳು ಅದಾರ. ಏನ್ ಬರೀತೀರಿ ಬರೀರಿ. ಒಂದ್ ಮಾತು ಖರೇ ಹೇಳ್ರಿ, ನನ್ನ ಕರೆಂಟು ಗಿರಣಿ ತನಕ ಮುಟ್ಟಿತ್ತೋ ಇಲ್ಲೋ?"

"ಮುಟ್ಟಿತ್ರಿ ಕಾಕಾ."

"ಹಂಗಾರ ಆತು, ಬಿಡ್ರಿ," ಎಂದು ಚಹಾ ತರಲು ಕೂಗಿದರು.

ಸೊನ್ನೆ ಬರೆದೆ. ತಂತಿಯನ್ನು ನಾನೇ ನಿಂತು ಕಳಚಿಸಿದೆ. ಮಿಲ್ಲಿಗೆ ಕರೆಂಟು ಬಂತು. ಮರುದಿನ ಸಂಜೆ, ಅಲ್ಲೇ ಬಿಟ್ಟಿದ್ದ ವೋಲ್ಟ್‌ಮೀಟರ್ ತರಲು ಗಿರಣಿಗೆ ಹೋದೆ. ಗೋಡೆಯುದ್ದಕ್ಕೂ ಡಬ್ಬಿಗಳ ಸಾಲು. ಅಷ್ಟರಲ್ಲಿ ದೂರದಿಂದ ದಗ್ ದಗ್ ಕೇಳಿಸಿತು. ಕಾಕಾ ತಮ್ಮ ಮಿಲ್ಲಿನ ಮಟ್ಟಿಗೆ ಎಂಜಿನ್ ಹಚ್ಚಿದ್ದರು. ಹಿಟ್ಟಿಗಾಗಿ ಕಾದು ಕೂತಿದ್ದ ಹೆಂಗಸರೆಲ್ಲ ಎದ್ದು ಸೆರಗು ಕಟ್ಟಿಕೊಂಡರು. ಗಿರಣಿಯಾಕೆ ಜೋಳ ಸುರಿದು ಸ್ವಿಚ್ಚು ಹಾಕಿದಳು. ಮೋಟರು ಹುಂ ಎಂದು ನಿಂತಿತು.

"ಎಂಜಿನ್ ಕೇಳಾಕತ್ತೈತಲ್ರಿ ಬಾಯಾರ, ಮತ್ತ ಕಲ್ಲು ಯಾಕ ತಿರಗವಲ್ದು?"

ಎಲ್ಲ ಗೊತ್ತಿದ್ದೂ ವೋಲ್ಟ್‌ಮೀಟರ್ ಹಚ್ಚಿ, ಮುಳ್ಳು ನೋಡುವವಳ ಹಾಗೆ ತಲೆ ತಗ್ಗಿಸಿ ನಿಂತೆ.